ಕ್ಯಾಮಫ್ಲಾಜ್ ಬಟ್ಟೆಯ ನೀಲಿ ಹೊಳಪು: ಒಗೆತದ ಪ್ರಯೋಗ, ಆರನೆಯ ವಾರದವರೆಗೆ

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ವನ್ಯಧಾಮವಾಯಿತು. ಅದರ ಅಂಚಿನ ಹೊಲಗಳ ಬದುವಿನಲ್ಲಿಯೂ ಚಿತ್ರದುರ್ಗದ ಜೋಗಿಮಟ್ಟಿಯ ಕಡೆಯೂ ಬೆಳಗಿನ ಹೊತ್ತು ಕುಳಿತು ಪ್ರಾಣಿ ಪಕ್ಷಿಗಳ ಚಿತ್ರ ತೆಗೆಯುವುದು ನನ್ನ ನಾಲ್ಕು ವರ್ಷಗಳ ಹವ್ಯಾಸ. ಅದಕ್ಕೆ ನಾನು ತೊಡುವುದು ಬೇಟೆಗಾರರಿಗೆಂದೇ ಹೊಲಿದ, ಒಣಹುಲ್ಲು ಮತ್ತು ಎಲೆಯ ಅಚ್ಚುಳ್ಳ ಕ್ಯಾಮಫ್ಲಾಜ್ ಅಂಗಿ ಮತ್ತು ಪ್ಯಾಂಟು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ನಿಷೇಧಿಸಿದೆ. ಆದರೂ ಪ್ರಾಣಿಯ ಕಣ್ಣಿಗೆ ಬೀಳದಂತೆ ಕೂರಬೇಕಾದಾಗ ಬಂದೂಕು ಹಿಡಿದವನಿಗೂ ಕ್ಯಾಮೆರಾ ಹಿಡಿದವನಿಗೂ ಬೇಕಾದ ಬಟ್ಟೆ ಒಂದೇ ಆಗಿರುವುದರಿಂದ, ಅದನ್ನು ಒಗೆಯುವ ವಿಷಯದಲ್ಲಿ ಹೊರದೇಶಗಳ ಬೇಟೆಗಾರರು ಕಲಿತ ಪಾಠ ನಮಗೂ ಸಲ್ಲುತ್ತದೆ. ಸೇನೆಯ ಸಮವಸ್ತ್ರವನ್ನು ಹೋಲುವ ಅಚ್ಚನ್ನು ಮಾತ್ರ ನಾನು ಕೊಳ್ಳುವುದಿಲ್ಲ; ಅದು ಸೈನಿಕರಿಗೇ ಮೀಸಲಾಗಿರಬೇಕು ಎಂಬುದು ನನ್ನ ನಿಲುವು.

ಆರಂಭ

ಈ ಪ್ರಯೋಗಕ್ಕೆ ಕಾರಣವಾದದ್ದು ಒಂದು ಚೇಳು. ಚೇಳಿನ ಮೈ ಅತಿನೇರಳೆ ಬೆಳಕಿನಲ್ಲಿ ಹಸಿರುನೀಲಿಯಾಗಿ ಹೊಳೆಯುತ್ತದೆ ಎಂಬುದನ್ನು ತೋರಿಸಲು ಗೆಳೆಯನೊಬ್ಬ ಕತ್ತಲಾದ ಮೇಲೆ ಟಾರ್ಚು ತಂದಿದ್ದ. ಬಂಡೆಯ ಸಂದಿನಲ್ಲಿ ಚೇಳು ಕಂಡಿತು. ಅದನ್ನು ತೋರಿಸಲು ನಾನು ಕೈ ಚಾಚಿದಾಗ ಚೇಳಿಗಿಂತ ಹೆಚ್ಚಾಗಿ ನನ್ನ ತೋಳೇ ಹೊಳೆಯಿತು. ಹಗಲಿನಲ್ಲಿ ಕಂದು ಮತ್ತು ಮಾಸಲು ಹಸಿರಾಗಿ ಕಾಣುವ ಬಟ್ಟೆ ಆ ಟಾರ್ಚಿನ ಕೆಳಗೆ, ಬೆಳದಿಂಗಳು ಬಿದ್ದ ಸುಣ್ಣದ ಗೋಡೆಯಂತೆ ನೀಲಿಬಿಳುಪಾಗಿತ್ತು. ಹೊಲಿಗೆಯ ಮಡಿಕೆಗಳಲ್ಲಿ, ಜೇಬಿನ ಅಂಚಿನಲ್ಲಿ, ಪುಡಿ ಸರಿಯಾಗಿ ಕರಗದೆ ಉಳಿದಿದ್ದ ಕಡೆಗಳಲ್ಲಿ ಹೊಳಪು ಇನ್ನೂ ದಟ್ಟವಾಗಿತ್ತು. ಎರಡು ವರ್ಷ ಆ ಅಂಗಿಯನ್ನು ಮನೆಯ ಉಳಿದ ಬಟ್ಟೆಗಳ ಜೊತೆಗೇ ಮಾಮೂಲಿ ಡಿಟರ್ಜೆಂಟ್ ಪುಡಿಯಲ್ಲಿ ಒಗೆದಿದ್ದೆ.

ಬಿಳಿಯ ಬಟ್ಟೆ ಇನ್ನೂ ಬಿಳಿಯಾಗಿ ಕಾಣಲೆಂದು ಬಹುತೇಕ ಡಿಟರ್ಜೆಂಟುಗಳಿಗೆ ಆಪ್ಟಿಕಲ್ ಬ್ರೈಟನರ್ ಎಂಬ ರಾಸಾಯನಿಕವನ್ನು ಸೇರಿಸಿರುತ್ತಾರೆ. ಅದು ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿಕೊಂಡು, ಕಾಣುವ ನೀಲಿ ಬೆಳಕಾಗಿ ಹೊರಬಿಡುತ್ತದೆ. ನಮ್ಮ ಮನೆಗಳಲ್ಲಿ ಪಂಚೆಗೆ ಹಾಕುತ್ತಿದ್ದ ನೀಲಿಗೂ ಇದಕ್ಕೂ ವ್ಯತ್ಯಾಸವಿದೆ: ನೀಲಿಯು ಹಳದಿ ಛಾಯೆಯನ್ನು ಮರೆಮಾಡುವ ಬಣ್ಣವಷ್ಟೆ, ಬ್ರೈಟನರ್ ಬೆಳಕನ್ನೇ ಹೊರಸೂಸುತ್ತದೆ. ಹಸು, ಕುರಿ, ಜಿಂಕೆಗಳಂಥ ಗೊರಸಿನ ಪ್ರಾಣಿಗಳ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಎರಡೇ ಬಗೆಯವು. ಅವುಗಳಲ್ಲಿ ಒಂದು ಬಗೆಯದು ನೀಲಿಯ ಕಡೆಗೆ ವಾಲಿದೆ. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳ ಮೇಲೆ 1990ರ ದಶಕದಲ್ಲಿ ನಡೆದ ಅಧ್ಯಯನಗಳು ಇದನ್ನು ಸ್ಪಷ್ಟಪಡಿಸಿದವು. ಅಲ್ಲಿನ ಬೇಟೆಗಾರರು ತೊಡುವ ಗಾಢ ಕಿತ್ತಳೆಯ ಅಂಗಿ ಜಿಂಕೆಗೆ ಮಂಕಾಗಿ ಕಾಣುತ್ತದೆ, ಆದರೆ ನೀಲಿಯಾಗಿ ಹೊಳೆಯುವ ಬಟ್ಟೆ ಎದ್ದು ಕಾಣುತ್ತದೆ. ನಸುಕಿನ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚು. ನಾವು ಕಾಡಂಚಿಗೆ ಹೋಗಿ ಕೂರುವುದೂ ಆ ಹೊತ್ತಿಗೇ. ಹಕ್ಕಿಗಳಿಗಂತೂ ಬಣ್ಣದ ಕೋಶಗಳು ನಾಲ್ಕು ಬಗೆ.

ಮೊದಲನೆಯ ಮತ್ತು ಎರಡನೆಯ ವಾರ

ಮಂಡಿಪೇಟೆಯಲ್ಲಿ ಕೊಂಡ ಒಗೆಯದ ಹತ್ತಿ ಬಟ್ಟೆಯನ್ನೂ ಹಳೆಯ ಕ್ಯಾಮಫ್ಲಾಜ್ ಪ್ಯಾಂಟಿನ ಒಂದು ಕಾಲನ್ನೂ ಅಂಗೈಯಗಲದ ತುಂಡುಗಳಾಗಿ ಕತ್ತರಿಸಿದೆ. ಹತ್ತಿ ಬಟ್ಟೆ ಮೊದಲೇ ಹೊಳೆಯುತ್ತಿಲ್ಲ ಎಂಬುದನ್ನು ಟಾರ್ಚಿನಲ್ಲಿ ನೋಡಿ ಖಚಿತಪಡಿಸಿಕೊಂಡೆ. ಬಳಿಕ ಒಂದು ತುಂಡನ್ನು ಡಿಟರ್ಜೆಂಟ್ ಪುಡಿಯಲ್ಲಿ, ಒಂದನ್ನು ಬಟ್ಟೆ ಸೋಪಿನಲ್ಲಿ, ಒಂದನ್ನು ಅಂಟುವಾಳದ ನೀರಿನಲ್ಲಿ, ಒಂದನ್ನು ಬರಿಯ ನೀರಿನಲ್ಲಿ ಒಗೆದೆ. ಪುಡಿಯಲ್ಲಿ ಒಗೆದ ತುಂಡು ಒಂದೇ ಒಗೆತಕ್ಕೆ ಹೊಳೆಯತೊಡಗಿತು. ಸೋಪಿನದೂ ಹೊಳೆಯಿತು, ಸ್ವಲ್ಪ ಕಡಿಮೆ. ಅಂಟುವಾಳದ್ದು ಮತ್ತು ಬರಿಯ ನೀರಿನದು ಟಾರ್ಚಿನ ಕೆಳಗೆ ಮಂಕಾಗಿಯೇ ಉಳಿದವು.

ಅಂಟುವಾಳದ ವಿಧಾನ ಹೇಳಿಕೊಟ್ಟವರು ನಮ್ಮ ಅಜ್ಜಿ. ಗ್ರಂಧಿಗೆ ಅಂಗಡಿಯಿಂದ ತಂದ ಕಾಯಿಯನ್ನು ನಾನು ಇಡಿಯಾಗಿ ನೀರಿಗೆ ಹಾಕುತ್ತಿದ್ದುದನ್ನು ನೋಡಿ, "ಬೀಜ ತೆಗಿಯಪ್ಪ ಮೊದ್ಲು. ರೇಷ್ಮಿ ಸೀರಿಗೆ ನಾವು ಇದನ್ನೇ ಹಾಕ್ತಿದ್ವಿ, ಬಣ್ಣ ಒಂಚೂರೂ ಬಿಡ್ತಿರ್ಲಿಲ್ಲ" ಎಂದರು. ಹತ್ತು ಹನ್ನೆರಡು ಕಾಯಿಯ ಸಿಪ್ಪೆಯನ್ನು ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕೈಯಿಂದ ಚೆನ್ನಾಗಿ ಕಿವುಚಿ, ತೆಳುವಾದ ಬಟ್ಟೆಯಲ್ಲಿ ಸೋಸಿದರೆ ಒಂದು ಅಂಗಿ, ಒಂದು ಪ್ಯಾಂಟಿಗೆ ಸಾಕಾಗುವಷ್ಟು ನೊರೆನೀರು ಸಿಗುತ್ತದೆ. ಕಣ್ಣಿಗೆ ಸಿಡಿದರೆ ಬಹಳ ಉರಿಯುತ್ತದೆ, ಆದ್ದರಿಂದ ಕಿವುಚುವಾಗ ಮುಖ ದೂರವಿರಲಿ. ನಮ್ಮ ಬೋರಿನ ನೀರು ಗಡಸು. ಅದರಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಬೂದುಬಣ್ಣದ ಜಿಡ್ಡಾಗಿ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಅಂಟುವಾಳದ ನೊರೆಗೆ ಆ ತೊಂದರೆಯಿಲ್ಲ. ನಮ್ಮ ಸೀಮೆಗೆ ಇದು ತುಂಬ ಒಪ್ಪುವ ವಸ್ತು ಎಂದು ನನಗೆ ಮನವರಿಕೆಯಾದದ್ದು ಇಲ್ಲಿಯೇ.

ಮೂರನೆಯ ವಾರ

ಈ ವಾರ ನಿರಾಶೆಯಾಯಿತು. ಈಗಾಗಲೇ ಹೊಳೆಯುತ್ತಿರುವ ಪ್ಯಾಂಟಿನ ತುಂಡುಗಳಿಂದ ಬ್ರೈಟನರ್ ತೆಗೆಯಲು ಅಂಟುವಾಳದಲ್ಲಿ ಎಂಟು ಬಾರಿ ಒಗೆದೆ, ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿದೆ. ಮಡಿಕೆಗಳಲ್ಲಿದ್ದ ಪುಡಿಯ ಉಳಿಕೆ ಹೋಯಿತು, ಬಟ್ಟೆಯ ಹೊಳಪು ಮಾತ್ರ ಹೆಚ್ಚೇನೂ ಕಡಿಮೆಯಾಗಲಿಲ್ಲ. ಬ್ರೈಟನರ್ ಹತ್ತಿಯ ನಾರಿಗೆ ಬಣ್ಣದಂತೆಯೇ ಅಂಟಿಕೊಳ್ಳುವುದರಿಂದ ಅದು ಕೊಳೆಯಂತೆ ಬಿಟ್ಟುಹೋಗುವುದಿಲ್ಲ. ಬಿಸಿಲಿಗೆ ಅದು ನಿಧಾನವಾಗಿ ಕೆಡುತ್ತದೆ, ನಿಜ. ಆದರೆ ಬಿಸಿಲು ಅಚ್ಚಿನ ಬಣ್ಣವನ್ನೂ ಮಾಸಿಸುತ್ತದೆ. ಹೊಸ ಬಟ್ಟೆ ಕೊಂಡವರು ಮೊದಲ ಒಗೆತಕ್ಕೆ ಮುಂಚೆಯೇ ಎಚ್ಚರ ವಹಿಸಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಕೆಲವು ಬಟ್ಟೆಗಳಿಗೆ ಕಾರ್ಖಾನೆಯಲ್ಲಿಯೇ ಬ್ರೈಟನರ್ ಸೇರಿರುತ್ತದೆ, ಆದ್ದರಿಂದ ಕೊಳ್ಳುವಾಗ ಟಾರ್ಚು ಜೇಬಿನಲ್ಲಿರಲಿ.

ನಾಲ್ಕನೆಯ ಮತ್ತು ಐದನೆಯ ವಾರ

ಹೊಸ ಜೊತೆಯೊಂದನ್ನು ಕೊಂಡು, ಟಾರ್ಚಿನಲ್ಲಿ ಪರೀಕ್ಷಿಸಿ, ಅದಕ್ಕೊಂದು ಬಕೆಟ್ಟನ್ನೇ ಪ್ರತ್ಯೇಕವಾಗಿ ಇಟ್ಟೆ. ವಾಷಿಂಗ್ ಮಷೀನಿನ ಡಬ್ಬಿಯಲ್ಲಿ ಹಳೆಯ ಪುಡಿಯ ಉಳಿಕೆ ಇರುವುದರಿಂದ ಅದರ ಗೋಜಿಗೆ ಹೋಗಲಿಲ್ಲ. ಕಾಡಂಚಿನಿಂದ ಬಂದ ಬಟ್ಟೆಯನ್ನು ಮೊದಲು ಒಣಗಲು ಬಿಟ್ಟು ಕೆಂಪುಮಣ್ಣನ್ನು ಕೊಡವುತ್ತೇನೆ. ಹಸಿ ಮಣ್ಣನ್ನು ಉಜ್ಜಿದರೆ ಅದು ನೇಯ್ಗೆಯೊಳಕ್ಕೆ ಇಳಿಯುತ್ತದೆ. ಉತ್ತರಾಣಿಯ ಬೀಜಗಳನ್ನು ಹಳೆಯ ಬಾಚಣಿಗೆಯಿಂದ ತೆಗೆಯುತ್ತೇನೆ. ಕಾಲರಿನ ಒಳಬದಿ, ಸೊಂಟದ ಪಟ್ಟಿಗಳಲ್ಲಿ ರಕ್ತ ಹೀರುವ ಉಣ್ಣೆಹುಳು ಇದೆಯೇ ಎಂದು ಬೆಳಕಿನಲ್ಲಿ ನೋಡುವುದನ್ನು ಒಮ್ಮೆಯೂ ತಪ್ಪಿಸುವುದಿಲ್ಲ. ಬಳಿಕ ಬಟ್ಟೆಯನ್ನು ಒಳಹೊರಗು ಮಾಡಿ, ಜಿಪ್ಪು ಹಾಕಿ, ತಣ್ಣೀರಿನಲ್ಲಿ ಅಂಟುವಾಳ ಬೆರೆಸಿ ಅರ್ಧ ಗಂಟೆ ನೆನೆಸಿ, ಬ್ರಷ್ ಹಾಕದೆ ಕೈಯಲ್ಲಿ ಹಿಸುಕಿ ಒಗೆಯುತ್ತೇನೆ. ನೊರೆ ಪೂರ್ತಿ ಹೋಗುವವರೆಗೆ ಮೂರು ನೀರಿನಲ್ಲಿ ಜಾಲಿಸಬೇಕು, ಇಲ್ಲದಿದ್ದರೆ ಅಂಟುವಾಳದ ಹುಳಿವಾಸನೆ ಉಳಿಯುತ್ತದೆ. ಗಂಜಿ, ಇಸ್ತ್ರಿ ಎರಡೂ ಬೇಡ: ಗಂಜಿ ಹಾಕಿದ ಬಟ್ಟೆ ಕೈ ಅಲ್ಲಾಡಿಸಿದರೆ ಸದ್ದು ಮಾಡುತ್ತದೆ, ಪಾಲಿಯೆಸ್ಟರ್ ಬೆರೆತ ಬಟ್ಟೆ ಹೆಚ್ಚು ಬಿಸಿಯ ಇಸ್ತ್ರಿಗೆ ಮಿರುಗುತ್ತದೆ.

ವಾಸನೆಯ ವಿಷಯದಲ್ಲಿ ಒಂದು ತಪ್ಪಾಯಿತು. ಒಗೆದ ಅಂಗಿಯನ್ನು ಹಿತ್ತಿಲಲ್ಲಿ ಅಡುಗೆಮನೆಯ ಕಿಟಕಿಯ ಪಕ್ಕದ ತಂತಿಗೆ ಹಾಕಿದ್ದೆ. ಮೆಣಸಿನಕಾಯಿ ಒಗ್ಗರಣೆಯ ಘಾಟು ಎರಡು ದಿನವಾದರೂ ಹೋಗಲಿಲ್ಲ, ಮತ್ತೆ ಒಗೆಯಬೇಕಾಯಿತು. ಈಗ ತಾರಸಿಯ ನೆರಳಿನಲ್ಲಿ ಒಣಗಿಸಿ, ನುಸಿಗುಳಿಗೆಯ ಬದಲು ಚೆನ್ನಾಗಿ ಒಣಗಿದ ಬೇವಿನ ಸೊಪ್ಪಿನ ಜೊತೆ ಮುಚ್ಚಳವಿರುವ ಡಬ್ಬದಲ್ಲಿಡುತ್ತೇನೆ. ಹಾಗೆಂದು ಗಾಳಿಗೆ ಎದುರಾಗಿ ಕೂರುವುದನ್ನು ಬಿಡುವಂತಿಲ್ಲ. ಮೈಯ ಬೆವರನ್ನು ಯಾವ ಒಗೆತವೂ ಮುಚ್ಚಿಡಲಾರದು.

ಆರನೆಯ ವಾರ

ಹೊಸ ಜೊತೆಗೆ ಐದು ಒಗೆತಗಳಾಗಿವೆ. ನಿನ್ನೆ ರಾತ್ರಿ ಟಾರ್ಚು ಹಾಕಿ ನೋಡಿದಾಗ ಎಡ ಮೊಣಕೈಯ ಬಳಿ ಕಾಸಿನಗಲ ಒಂದು ಹೊಳಪಿನ ಕಲೆ ಬಿಟ್ಟರೆ ಉಳಿದದ್ದೆಲ್ಲ ಮಂಕಾಗಿತ್ತು. ಡಿಟರ್ಜೆಂಟಿನಲ್ಲಿ ಒಗೆದ ಟವೆಲ್ ಅದರ ಮೇಲೆ ಒದ್ದೆಯಾಗಿ ಬಿದ್ದಿದ್ದೇ ಕಾರಣವಿರಬೇಕು, ಆದ್ದರಿಂದ ತಂತಿಯನ್ನೂ ಬೇರೆ ಮಾಡಿದ್ದೇನೆ. ಹಳೆಯ ಪ್ಯಾಂಟಿನ ಎರಡು ತುಂಡುಗಳು ತಾರಸಿಯ ಬಿಸಿಲಿನಲ್ಲಿವೆ. ಒಂದರ ಅರ್ಧಕ್ಕೆ ರಟ್ಟು ಮುಚ್ಚಿದ್ದೇನೆ. ಹೊಳಪು ಮೊದಲು ಹೋಗುತ್ತದೆಯೋ ಬಣ್ಣ ಮೊದಲು ಹೋಗುತ್ತದೆಯೋ ಎಂಬುದನ್ನು ವಾರಕ್ಕೊಮ್ಮೆ ಫೋಟೋ ತೆಗೆದು ಹೋಲಿಸುತ್ತಿದ್ದೇನೆ. ಮುಂದಿನ ಸರದಿ ಟೋಪಿ ಮತ್ತು ಕೈಗವಸಿನದು.