ತತ್ರೀಝ್ ಬಟ್ಟೆಯ ಮೇಲೆ ಅರಬ್ಬೀ ಅಕ್ಷರ ಕೂರಿಸುವುದು

ಪ್ಯಾಲೆಸ್ತೀನಿನ ಕಸೂತಿಯನ್ನೂ ಅರಬ್ಬೀ ಬರಹವನ್ನೂ ಒಂದೇ ಕೃತಿಯಲ್ಲಿ ತರಲು ಹೊರಟವರು ಸಾಮಾನ್ಯವಾಗಿ ಮಾಡುವುದಿಷ್ಟು: ನಡುವೆ ಬಳುಕುವ ದೊಡ್ಡ ಅಕ್ಷರ, ಸುತ್ತ ಕೆಂಪು ಕಸೂತಿಯ ಅಂಚು. ಮದುವೆ ಕಾಗದ ನೋಡಿದ ಹಾಗಿರುತ್ತದೆ. ಎರಡೂ ಪಕ್ಕಪಕ್ಕ ಕೂತಿರುತ್ತವೆಯೇ ಹೊರತು ಬೆರೆತಿರುವುದಿಲ್ಲ. ಬೆರೆಯಬೇಕಾದರೆ ಚೌಕುಳಿಯಿಂದಲೇ ಶುರುಮಾಡಬೇಕು.

ತತ್ರೀಝ್ ಅನ್ನುವ ಈ ಕಸೂತಿ 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಬಹುಪಾಲು ಅದು ಎಳೆ ಎಣಿಸಿ × ಆಕಾರದಲ್ಲಿ ಹಾಕುವ ಅಡ್ಡಹೊಲಿಗೆ, 'ಫಲ್ಲಾಹೀ', ಅಂದರೆ ರೈತರ ಹೊಲಿಗೆ. ನಮ್ಮ ಧಾರವಾಡ ಕಸೂತಿಯ ಮೆಂತೆ ಇದರ ಹತ್ತಿರದ ನೆಂಟ. ಸೈಪ್ರೆಸ್ ಮರ, ಚಂದ್ರ, ಹೆಬ್ರಾನ್ ಕಡೆಯ 'ಪಾಷಾನ ಡೇರೆ' ಮುಂತಾದ ಅದರ ವಿನ್ಯಾಸಗಳೆಲ್ಲ ಚೌಕುಳಿಯ ಮನೆ ಎಣಿಸಿ ಕಟ್ಟಿದವು. ಅರಬ್ಬೀ ಬರಹದಲ್ಲಿ ನಸ್ಖ್, ಸುಲುಸ್ ಶೈಲಿಗಳು ಲೇಖನಿಯ ಚುಕ್ಕೆಯನ್ನು ಅಳತೆಯಾಗಿಟ್ಟುಕೊಂಡು ಬಾಗುತ್ತವೆ. ಅವನ್ನು ಚೌಕುಳಿಗೆ ಇಳಿಸಿದರೆ ಬಾಗೆಲ್ಲ ಮೆಟ್ಟಿಲಾಗುತ್ತದೆ. ಚೌಕ ಕೂಫಿ ಹಾಗಲ್ಲ. ಇಟ್ಟಿಗೆ ಜೋಡಿಸಿ ಗೋಡೆಯ ಮೇಲೆ ಬೆಳೆದ ಶೈಲಿ ಅದು. ಗೆರೆ ಎಷ್ಟು ದಪ್ಪವೋ ನಡುವಿನ ಖಾಲಿಯೂ ಅಷ್ಟೇ ದಪ್ಪ.

ಇದನ್ನು ಚೆನ್ನಾಗಿ ಅರಿತಿದ್ದವರು ಜೆರುಸಲೇಮಿನಲ್ಲಿ ಹುಟ್ಟಿದ ಕಲಾವಿದ ಕಮಾಲ್ ಬುಲ್ಲಾತ (1942–2019). ಅವರ 1983ರ ಸಿಲ್ಕ್‌ಸ್ಕ್ರೀನ್ 'ಲಾ ಅನಾ ಇಲ್ಲಾ ಅನಾ' ('ನಾನಲ್ಲದೆ ನಾನಿಲ್ಲ') ನೋಡಿ. ಅಲಿಫ್ ಜೊತೆ ಬರುವ ಹಂಝಾ ಅನ್ನುವ ಪುಟ್ಟ ಗುರುತು ಬಿಟ್ಟರೆ ಈ ವಾಕ್ಯಕ್ಕೆ ಬೇಕಾದ್ದು ಅಲಿಫ್, ಲಾಮ್, ನೂನ್ ಮೂರೇ ಅಕ್ಷರ. ಮೊದಲಿನ ಎರಡು ನೆಟ್ಟಗಿನ ಕಂಬ, ನೂನ್ ಇಲ್ಲಿ ಬರಿಯ ಒಂದು ಹಲ್ಲು, ಅಂದರೆ ಮೇಲಕ್ಕೆದ್ದ ಗಿಡ್ಡ ಗೆರೆ. ಚೌಕುಳಿಗೆ ಇದಕ್ಕಿಂತ ಒಗ್ಗುವ ಮಾತು ಸಿಗುವುದು ಕಷ್ಟ. ಪದ ಆರಿಸುವಾಗ ಅರ್ಥದ ಜೊತೆಗೆ ಕಂಬಗಳನ್ನೂ ಎಣಿಸಿ ಅನ್ನುವುದು ಅದಕ್ಕೇ.

'ಸಲಾಮ್' ತೆಗೆದುಕೊಳ್ಳೋಣ. ಸೀನ್, ಲಾಮ್, ಅಲಿಫ್, ಮೀಮ್. ಸೀನ್‌ಗೆ ಮೂರು ಹಲ್ಲು, ನಡುವೆ ಎರಡು ಖಾಲಿ, ಅಗಲ ಒಟ್ಟು 5 ಮನೆ. ಲಾಮ್-ಅಲಿಫ್ ಕೂಡಿಕೊಂಡೇ ಬರಬೇಕು. ಅಲಿಫ್ ತನ್ನ ಎಡಕ್ಕೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ, ಹಾಗಾಗಿ ಮೀಮ್ ಬಿಡಿಯಾಗಿ ನಿಲ್ಲುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ಅರಬ್ಬೀ ಜೋಡಣೆ ಗೊತ್ತಿಲ್ಲದ ಡಿಸೈನ್ ಸಾಫ್ಟ್‌ವೇರಿಗೆ ಪದ ಹಾಕಿದರೆ ಅಕ್ಷರಗಳು ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ತಿರುಗಿ ಬರುತ್ತವೆ. ಹಾಗೇ ಹೊಲಿದು ಗ್ಯಾಲರಿಗೆ ತೂಗುಹಾಕಿದವರೂ ಉಂಟು! ಸೂಜಿಗೆ ದಾರ ಏರಿಸುವ ಮುಂಚೆ ಅರಬ್ಬೀ ಓದಬಲ್ಲವರೊಬ್ಬರಿಗೆ ನಕ್ಷೆ ತೋರಿಸಿಬಿಡಿ.

ನಕ್ಷೆಯ ಒಂದು ಮನೆಗೆ ಒಂದೇ ಹೊಲಿಗೆ ಹಾಕಿದರೆ ಗೆರೆ ಬಡಕಲು. 2×2 ಹೊಲಿಗೆ ಇಡಿ. ನಕ್ಷೆ ಉದ್ದ-ಅಗಲ 21 ಮನೆಯ ಚೌಕವಾದರೆ ಪ್ರತಿ ಬದಿಯೂ 42 ಹೊಲಿಗೆಯಾಗುತ್ತದೆ. ಇಂಚಿಗೆ 14 ಚೌಕವಿರುವ ಐಡಾ ಬಟ್ಟೆಯಲ್ಲಿ ಸರಿಯಾಗಿ 3 ಇಂಚು. ಶಾಲೆಯ ಹೊಲಿಗೆ ತರಗತಿಯ ಮ್ಯಾಟಿ ಬಟ್ಟೆಯೂ ನಡೆಯುತ್ತದೆ, ಆದರೆ ಉದ್ದ-ಅಗಲ ಎರಡರಲ್ಲೂ 10 ಸೆಂ.ಮೀ.ಗೆ ಎಷ್ಟು ಎಳೆ ಎಂದು ಎಣಿಸಿ ನೋಡಿ. ಒಂದು ಕಡೆ 50, ಇನ್ನೊಂದು ಕಡೆ 54 ಇದ್ದರೆ ಚೌಕ ಚೌಕವಾಗಿ ಉಳಿಯುವುದಿಲ್ಲ.

ಆರೆಳೆ ದಾರದಲ್ಲಿ 2 ಎಳೆ ಬಿಡಿಸಿ, 45 ಸೆಂ.ಮೀ. ಕತ್ತರಿಸಿ, ಅದಕ್ಕಿಂತ ಉದ್ದವಾದರೆ ದಾರ ಸವೆದು ನಾರುನಾರಾಗುತ್ತದೆ. 24 ನಂಬರಿನ ಮೊಂಡು ಸೂಜಿ. ಗಂಟು ಹಾಕಬೇಡಿ, 3 ಸೆಂ.ಮೀ. ತುದಿಯನ್ನು ಹಿಂದೆ ಹಿಡಿದು ಮೊದಲ ನಾಲ್ಕೈದು ಹೊಲಿಗೆಯಡಿ ಮುಚ್ಚಿ. × ಹೊಲಿಗೆಯ ಎರಡು ಕಾಲುಗಳಲ್ಲಿ ಮೇಲೆ ಬೀಳುವುದು ಕೊನೆಯವರೆಗೂ ಒಂದೇ ದಿಕ್ಕಿಗಿರಲಿ. ಅದು ತಪ್ಪಿದರೆ ಅಷ್ಟು ಜಾಗ ಬೆಳಕಿನಲ್ಲಿ ಬೇರೆ ಬಣ್ಣದಂತೆ ಕಾಣುತ್ತದೆ, ಚೌಕ ಕೂಫಿಯ ತುಂಬುಗೆರೆಯಲ್ಲಂತೂ ಎದ್ದು ಕಾಣುತ್ತದೆ. ಬಿಳಿ ಬಟ್ಟೆಯಲ್ಲಿ ಖಾಲಿ ಜಾಗದ ಹಿಂದೆ ದಾರ ಹಾಯಿಸಬೇಡಿ, ನೆರಳು ಮುಂದೆ ಬರುತ್ತದೆ.

ಬಳುಕುವ ಸುಲುಸ್ ಅಕ್ಷರವೇ ಬೇಕೆಂದರೆ ಅಡ್ಡಹೊಲಿಗೆ ಬಿಟ್ಟು ಬೆತ್ಲೆಹೇಮಿನ 'ತಹ್ರೀರೀ' ಹಿಡಿಯಿರಿ: ರೇಷ್ಮೆಯ ಅಥವಾ ಜರಿಯ ಹುರಿಯನ್ನು ಬಟ್ಟೆಯ ಮೇಲೆ ಮಲಗಿಸಿ ಸಣ್ಣ ದಾರದಿಂದ ಕಚ್ಚುವುದು. ನೇರದಲ್ಲಿ 4 ಮಿ.ಮೀ.ಗೊಂದು ಕಚ್ಚು, ತಿರುವಿನಲ್ಲಿ 2 ಮಿ.ಮೀ.ಗೊಂದು. ತಿರುವಿನಲ್ಲಿ ಜಿಪುಣತನ ಮಾಡಿದರೆ ಹುರಿ ಒಳಕ್ಕೆ ಜಾರಿ ಅಕ್ಷರದ ಹೊಟ್ಟೆ ಕುಗ್ಗುತ್ತದೆ.

ಬಣ್ಣದ ವಿಷಯದಲ್ಲಿ ನ್ಯೂಯಾರ್ಕಿನ ಕಲಾವಿದ ಜೋರ್ಡನ್ ನಾಸರ್ ಅವರ ಕೆಲಸ ಒಳ್ಳೆಯ ಪಾಠ. ಸಾಂಪ್ರದಾಯಿಕ ವಿನ್ಯಾಸವೊಂದನ್ನು ಬಟ್ಟೆ ತುಂಬ ಮರುಕಳಿಸಿ, ದಾರದ ಬಣ್ಣ ಬದಲಿಸುವುದರಿಂದಲೇ ಬೆಟ್ಟ, ಆಕಾಶ ಮೂಡಿಸುತ್ತಾರೆ. ಅಕ್ಷರವನ್ನೂ ಹಾಗೇ ಅಡಗಿಸಬಹುದು. ಆದರೆ ಕೆಂಪು-ಹಸಿರು ಬೇರೆ ಬೇರೆ ಬಣ್ಣವೆಂದು ನಂಬಿ ಕೂರಬೇಡಿ. ದಾರದ ಲಡಿಗಳನ್ನು ಪಕ್ಕದಲ್ಲಿಟ್ಟು ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಎರಡೂ ಒಂದೇ ಬೂದು ಕಂಡರೆ ಅಕ್ಷರ ದೂರದಿಂದ ಓದಲಾಗದು. ಕೆಂಪು ದಾರವನ್ನು ಒದ್ದೆ ಬಿಳಿ ಬಟ್ಟೆಗೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂಬುದನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಿ. ಮುಗಿದ ಮೇಲೆ ಟವೆಲ್ ಮೇಲೆ ಬೋರಲು ಹಾಕಿ ಹಿಂಬದಿಯಿಂದಲೇ ಇಸ್ತ್ರಿ. ಮುಂದಿನಿಂದ ಒತ್ತಿದರೆ ಹೊಲಿಗೆ ಚಪ್ಪಟೆಯಾಗುತ್ತದೆ.