ಅಂಗಿಯೊಂದರ ಲೆಕ್ಕ ಬಿಡಿಸಿದ ದಿನ

ಕುಶಾಲನಗರದಲ್ಲಿ ನಾವು ಕೆಲವು ಹೆಂಗಸರು ಸೇರಿ ನಡೆಸುವ ಹೊಲಿಗೆಮನೆಗೆ ಕಳೆದ ಜೂನ್ ತಿಂಗಳಲ್ಲಿ ಮಡಿಕೇರಿ ಕಡೆಯ ಹೋಂಸ್ಟೇಯೊಂದರ ಯಜಮಾನಿ ಬಂದಿದ್ದರು. ಕೆಲಸದವರಿಗೆ ಸಹಜ ಬಣ್ಣದ ಹತ್ತಿ ಅಂಗಿಗಳು ಬೇಕು, ಕುಪ್ಯ-ಚೇಲೆಯ ಮಾದರಿಯಲ್ಲಿದ್ದರೆ ಇನ್ನೂ ಚೆನ್ನ ಎಂದರು. ಮದುವೆ, ಹಬ್ಬಗಳಲ್ಲಿ ಕೊಡವರು ಗೌರವದಿಂದ ಧರಿಸುವ ಉಡುಪನ್ನು ವ್ಯಾಪಾರದ ಅಲಂಕಾರಕ್ಕಾಗಿ ಹೊಲಿಯಲು ನಮಗೆ ಮನಸ್ಸಿಲ್ಲ ಎಂದಾಗ ಅವರು ಮರುಮಾತಿಲ್ಲದೆ ಒಪ್ಪಿದರು. ಮಾತು ನಿಂತದ್ದು ಬೆಲೆಯ ಬಳಿ. “ತಿರುಪ್ಪೂರಿನಿಂದ ತರಿಸಿದರೆ ಇದರ ಅರ್ಧಕ್ಕೆ ಸಿಗುತ್ತದಲ್ಲಮ್ಮಾ?” ಎಂದು ಕೇಳಿದರು. ತಮಿಳುನಾಡಿನ ತಿರುಪ್ಪೂರು ಸಿದ್ಧ ಉಡುಪುಗಳ ದೊಡ್ಡ ಕೇಂದ್ರ, ಹಾಗಾಗಿ ನ್ಯಾಯವಾದ ಪ್ರಶ್ನೆಯೇ. ಲೆಕ್ಕದ ಪುಸ್ತಕವನ್ನು ಅವರ ಮುಂದಿಟ್ಟು ಕುಳಿತೆ.

ಮೊದಲು ಬಂದದ್ದು ನೀರಿನ ವಿಷಯ. ಹತ್ತಿಗೆ ಸಾಮಾನ್ಯವಾಗಿ ಬಳಸುವ ರಾಸಾಯನಿಕ ಬಣ್ಣಗಳು ನೂಲಿಗೆ ಹಿಡಿಯಬೇಕಾದರೆ ಹೇರಳವಾಗಿ ಉಪ್ಪು ಬೇಕು. ಆ ಉಪ್ಪು ಬಟ್ಟೆಯಲ್ಲಿ ಉಳಿಯದೆ ನೀರಿನೊಡನೆ ಹೊರಹೋಗುತ್ತದೆ. ತಿರುಪ್ಪೂರಿನ ನೊಯ್ಯಲ್ ನದಿ ಹಾಗೆಯೇ ಕೆಟ್ಟಿತು. ಬೇಸಾಯಕ್ಕೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. ಕೊನೆಗೆ 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಬೇಕಾಯಿತು. ಆಮೇಲೆ ಅಲ್ಲಿ ನೀರನ್ನು ಶುದ್ಧಗೊಳಿಸಿ ಮತ್ತೆ ಬಳಸುವ ವ್ಯವಸ್ಥೆ ಬೆಳೆದಿದೆ ಎಂಬುದನ್ನೂ ಹೇಳಬೇಕು. ಆದರೆ ನೊಯ್ಯಲ್ ಹೋಗಿ ಸೇರುವುದು ಕಾವೇರಿಯನ್ನು. ಕಾವೇರಿಯ ದಡದ ಊರಿನಲ್ಲಿ ಬಟ್ಟೆ ಮಾಡುವ ನಮಗೆ ಅದು ದೂರದ ಸುದ್ದಿಯೆನಿಸುವುದಿಲ್ಲ.

ನಾವು ಬಳಸುವುದು ಚೊಗರು, ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ. ಸಂಪಾಜೆ ಕಡೆ ಅಡಿಕೆಯನ್ನು ಬೇಯಿಸದೆ ಹಾಗೆಯೇ ಒಣಗಿಸಿ ಚಾಲಿ ಮಾಡುವುದರಿಂದ, ಚೊಗರನ್ನು ಅಡಿಕೆ ಬೇಯಿಸುವ ತೀರ್ಥಹಳ್ಳಿ ಕಡೆಯಿಂದ ತರಿಸುತ್ತೇವೆ. ಬಟ್ಟೆಯ ಮೇಣ ಹೋಗುವಂತೆ ಮೊದಲು ಕುದಿಸಿ, ಪಟಿಕದ ನೀರಿನಲ್ಲಿ ನೆನೆಸಿ, ಆಮೇಲೆ ಚೊಗರಿನ ಹಂಡೆಗೆ ಇಳಿಸಿದರೆ ಕೆಂಗಂದು ಬಣ್ಣ ಬರುತ್ತದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸಿದರೆ ಬಣ್ಣ ಇನ್ನಷ್ಟು ಗಾಢವಾಗುತ್ತದೆ. ತೋಟದ ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಅದು ಇಲ್ಲಿ ಸುಲಭವಾಗಿ ಸಿಗುತ್ತದೆ ಕೂಡ. ಆದರೆ ತಾಮ್ರ ಸೇರಿದ ನೀರು ಹೊಳೆಯ ಮೀನಿಗೆ ವಿಷ, ಆದ್ದರಿಂದ ನಾವು ಅದನ್ನು ಮುಟ್ಟುವುದಿಲ್ಲ. ಗಿಡದಿಂದ ಬಂದ ಬಣ್ಣವೆಂಬ ಒಂದೇ ಕಾರಣಕ್ಕೆ ಬಟ್ಟೆ ನಿರ್ದೋಷಿಯಾಗುವುದಿಲ್ಲ. ಅದರ ಜೊತೆ ಏನನ್ನು ಬೆರೆಸಿದರು, ಉಳಿದ ನೀರನ್ನು ಎಲ್ಲಿ ಚೆಲ್ಲಿದರು ಎಂದು ಕೊಳ್ಳುವವರು ಕೇಳಲೇಬೇಕು.

ಯಜಮಾನಿಯನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಕೂಲಿಯ ಪುಟ. ಬಹಳ ಕಡೆ ಹೊಲಿಗೆಗೆ ಪೀಸ್ ರೇಟ್ ಕೊಡುತ್ತಾರೆ, ಅಂದರೆ ಮುಗಿದ ಅಂಗಿಗೆ ಇಂತಿಷ್ಟು. ದಾರ ಕತ್ತರಿಸುವುದು, ತಪ್ಪಿದ ಹೊಲಿಗೆ ಬಿಚ್ಚುವುದು, ಇಸ್ತ್ರಿ ಹಾಕುವುದು ಇವೆಲ್ಲ ಆ ದರದೊಳಗೆ ಮರೆಯಾಗಿಬಿಡುತ್ತವೆ. ಕೊಡಗಿನ ಮಳೆಗಾಲದಲ್ಲಿ ಮರ ಬಿದ್ದು ಗಂಟೆಗಟ್ಟಲೆ ಕರೆಂಟು ಹೋದರೆ ಆ ನಷ್ಟವೂ ಹೊಲಿಯುವವಳ ತಲೆಗೇ ಬರುತ್ತದೆ. ಬೆಳಿಗ್ಗೆ ಬಂದು ಸಂಜೆಯವರೆಗೆ ಮಿಷನ್ ಮುಂದೆ ಕುಳಿತವಳಿಗೆ ವಿದ್ಯುತ್ತಿಲ್ಲದ ಹೊತ್ತಿನ ಸಂಬಳ ಏಕೆ ಸಿಗಬಾರದು? ಅದಕ್ಕಾಗಿಯೇ ನಾವು ಗಂಟೆಯ ಲೆಕ್ಕದಲ್ಲಿ ಕೂಲಿ ಇಟ್ಟಿದ್ದೇವೆ, ಅಂಗಿಯ ಬೆಲೆ ಏರಿರುವುದೂ ಮುಖ್ಯವಾಗಿ ಅದರಿಂದಲೇ. ಕೊನೆಗೆ ಅಗ್ಗದ ಬೆಲೆಯ ಹೊರೆಯನ್ನು ಯಾರಾದರೊಬ್ಬರು ಹೊತ್ತಿರುತ್ತಾರೆ. 2013ರಲ್ಲಿ ಬಾಂಗ್ಲಾದೇಶದ ಢಾಕಾ ಬಳಿ, ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು ಸಾವಿರದ ನೂರಕ್ಕೂ ಹೆಚ್ಚು ಮಂದಿ ಸತ್ತಾಗ, ಗೋಡೆಯಲ್ಲಿ ಬಿರುಕು ಹಿಂದಿನ ದಿನವೇ ಕಂಡಿದ್ದರೂ ಕಾರ್ಮಿಕರನ್ನು ಕೆಲಸಕ್ಕೆ ಕರೆಸಿದ್ದರೆಂಬುದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಕತ್ತರಿಸಿ ಉಳಿದ ತುಂಡುಗಳಿಂದ ಕೌದಿ, ಚೀಲ ಮಾಡುತ್ತೇವೆ. ಅದರಿಂದ ಬರುವ ಹಣ ಅಷ್ಟಕ್ಕಷ್ಟೆ.

ಯಜಮಾನಿ ಬೆಲೆ ಇಳಿಸುವಂತೆ ಮತ್ತೆ ಕೇಳಲಿಲ್ಲ. ಒಬ್ಬೊಬ್ಬರಿಗೆ ಮೂರರ ಬದಲು ಎರಡು ಅಂಗಿ ಸಾಕೆಂದು ತಾವೇ ತೀರ್ಮಾನಿಸಿದರು. ಮಳೆಯಲ್ಲಿ ಬಣ್ಣದ ಬಟ್ಟೆ ಸರಿಯಾಗಿ ಒಣಗುವುದಿಲ್ಲವಾದ್ದರಿಂದ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಕೆಲಸ ಹಿಡಿಯುತ್ತೇವೆ, ಸುಗ್ಗಿಯ ಹಬ್ಬವಾದ ಹುತ್ತರಿಯ ಹೊತ್ತಿಗೆ ಕೊಡುತ್ತೇವೆ ಎಂದೆವು. ಅದಕ್ಕೂ ಒಪ್ಪಿ, ಕೈಮಗ್ಗದ ಬಟ್ಟೆ ಕೊಳ್ಳಲು ಬೇಕಾದ ಮುಂಗಡವನ್ನು ಅಂದೇ ಕೊಟ್ಟು ಹೋದರು.