ಎಷ್ಟು ದೂರ ಕಾಣುತ್ತೆ ಸಾರ್?

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕುತ್ತಿಗೆಗೆ ಬೈನಾಕ್ಯುಲರ್ ತೂಗುಹಾಕಿಕೊಂಡು ನಿಂತರೆ, ವಾಕಿಂಗ್ ಬಂದವರಲ್ಲಿ ದಿನಕ್ಕೊಬ್ಬರಾದರೂ ನಿಂತು ಕೇಳುತ್ತಾರೆ: "ಇದ್ರಲ್ಲಿ ಎಷ್ಟು ದೂರ ಕಾಣುತ್ತೆ ಸಾರ್?" ಅದರ ಬೆನ್ನಿಗೇ, "ನಾವೂ ಒಂದು ತಗೋಬೇಕು ಅಂತಿದ್ದೀವಿ, ಯಾವುದು ತಗೊಳ್ಳೋದು?"

ಮೊದಲನೆಯದಕ್ಕೆ ನನ್ನ ಉತ್ತರ ಸಿದ್ಧವಾಗಿರುತ್ತದೆ. ಬರಿಗಣ್ಣಿಗೇ ಸುಮಾರು 3,84,000 ಕಿಲೋಮೀಟರ್ ದೂರದ ಚಂದ್ರ ಕಾಣುತ್ತಾನಲ್ಲ, ಇನ್ನೆಷ್ಟು ದೂರ ಬೇಕು? ನಕ್ಕು ಮುಂದೆ ಹೋಗುತ್ತಾರೆ. ಎರಡನೆಯದಕ್ಕೆ ಉತ್ತರ ಇನ್ನೂ ಚಿಕ್ಕದು: 8×42. ಆದರೆ ಇಷ್ಟಕ್ಕೇ ಯಾರಿಗೂ ಸಮಾಧಾನ ಆಗುವುದಿಲ್ಲ. "ಅಂಗಡಿಯವನು 20×50 ಇದೆ ಅಂದ, ಬೆಲೆನೂ ಕಡಿಮೆ" ಅನ್ನುತ್ತಾರೆ. ಏರಿ ಮೇಲೆ ನಿಂತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಅಂಕಿ, ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಅನ್ನುವುದು. 80 ಮೀಟರ್ ಆಚೆ ಮರದ ಮೇಲೆ ಕೂತ ಹೆಜ್ಜಾರ್ಲೆ 8 ಪಟ್ಟಿನದರಲ್ಲಿ 10 ಮೀಟರ್ ದೂರದಲ್ಲಿ ಕೂತಂತೆ ಕಾಣುತ್ತದೆ. 10 ಪಟ್ಟಿನದರಲ್ಲಿ 8 ಮೀಟರ್‌ಗೆ ಬರುತ್ತದೆ. ವ್ಯತ್ಯಾಸ ಎರಡೇ ಮೀಟರ್. ಈ ಎರಡು ಮೀಟರ್‌ಗೆ ಕೊಡುವ ಬೆಲೆ ಮಾತ್ರ ದೊಡ್ಡದು. ಹಕ್ಕಿಯ ಜೊತೆಗೆ ನಿಮ್ಮ ಕೈನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ, ಒಮ್ಮೆಗೆ ಕಣ್ಣಿಗೆ ಬೀಳುವ ಜಾಗ ಕಿರಿದಾಗುತ್ತದೆ. ಎಲೆ ಮರೆಯಲ್ಲಿ ಪುಟಪುಟ ಹಾರುವ ಉಲಿಯಕ್ಕಿಯನ್ನು 10 ಪಟ್ಟಿನದರಲ್ಲಿ ಹುಡುಕಿ ಹಿಡಿಯುವಷ್ಟರಲ್ಲಿ ಅದು ಪಕ್ಕದ ಮರಕ್ಕೆ ಹೋಗಿರುತ್ತದೆ. ಕೈ ಗಟ್ಟಿ ಇರುವವರು, ಗದಗಿನ ಮಾಗಡಿ ಕೆರೆಯಂಥ ಬಯಲಲ್ಲಿ ಚಳಿಗಾಲದ ಪಟ್ಟೆತಲೆ ಹೆಬ್ಬಾತುಗಳನ್ನು ದೂರದಿಂದ ನೋಡುವವರು 10×42 ಕೊಳ್ಳಲಿ, ಬೇಡ ಅನ್ನುವುದಿಲ್ಲ. 12 ದಾಟಿದರೆ ಸ್ಟ್ಯಾಂಡ್ ಬೇಕು. ಬೆರಳಲ್ಲಿ ತಳ್ಳಿದರೆ 10ರಿಂದ 30ಕ್ಕೆ ಹೋಗುವ ಜೂಮ್ ಬೈನಾಕ್ಯುಲರ್‌ಗಳ ಬಗ್ಗೆ ಒಂದೇ ಮಾತು: ಬೇಡ.

ಎರಡನೇ ಅಂಕಿಯನ್ನು ಯಾರೂ ಕೇಳುವುದೇ ಇಲ್ಲ, ನನಗೆ ಮುಖ್ಯ ಅದೇ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಬೆಳಕು ಒಳಗೆ ಬರುವ ಬಾಗಿಲು ಅದು. 42ನ್ನು 8ರಿಂದ ಭಾಗಿಸಿ, 5.25 ಬರುತ್ತದೆ. ಕಣ್ಣ ಕಡೆಯಿಂದ ಹೊರಬರುವ ಬೆಳಕಿನ ಬಿಲ್ಲೆಯ ಅಗಲ ಅಷ್ಟು ಮಿಲಿಮೀಟರ್. ಇದನ್ನು ಕಣ್ಣಾರೆ ನೋಡಬಹುದು. ಬೈನಾಕ್ಯುಲರನ್ನು ಆಕಾಶದ ಕಡೆ ತಿರುಗಿಸಿ (ಸೂರ್ಯನ ಕಡೆ ಅಪ್ಪಿತಪ್ಪಿಯೂ ಬೇಡ), ತೋಳಿನುದ್ದ ದೂರ ಹಿಡಿದು ಹಿಂದಿನ ಗಾಜನ್ನು ನೋಡಿ. ಕಪ್ಪಿನ ನಡುವೆ ಬೆಳ್ಳಗಿನ ಚಿಕ್ಕ ಬಿಲ್ಲೆ ಕಾಣುತ್ತದೆ. ಹಾಡುಹಗಲಲ್ಲಿ ನಮ್ಮ ಕಣ್ಣಪಾಪೆ ಎರಡು ಮೂರು ಮಿಲಿಮೀಟರ್ ತೆರೆದಿರುತ್ತದೆ. ಕತ್ತಲಲ್ಲಿ ಹರೆಯದವರಿಗೆ ಏಳರವರೆಗೂ ಹೋಗುತ್ತದೆ, ಐವತ್ತು ದಾಟಿದ ನನ್ನಂಥವರಿಗೆ ಹೆಚ್ಚುಕಡಿಮೆ ಐದಕ್ಕೇ ನಿಲ್ಲುತ್ತದೆ. ಹಾಗಾಗಿ ಹಡಗಿನವರು ಇಷ್ಟಪಡುವ 7×50ಯ ಏಳು ಮಿಲಿಮೀಟರ್ ಬಿಲ್ಲೆ ನನ್ನ ಕಣ್ಣಿಗೆ ದಂಡ. ಜೇಬಿಗೆ ಹಿಡಿಸುವ 8×25ರ ಬಿಲ್ಲೆ ಮೂರೇ ಮಿಲಿಮೀಟರ್. ಮಧ್ಯಾಹ್ನ ಚೆನ್ನಾಗಿರುತ್ತದೆ, ಸಂಜೆ ಆರರ ಮೇಲೆ ಮರದ ನೆರಳಲ್ಲಿ ಕೂತದ್ದು ಹಕ್ಕಿಯೋ ಒಣಗಿದ ಎಲೆಯೋ ಗೊತ್ತಾಗುವುದಿಲ್ಲ. 20×50 ಅಂತ ಬರೆದದ್ದು ನಿಜವೇ ಆಗಿದ್ದರೂ ಅದರ ಬಿಲ್ಲೆ ಎರಡೂವರೆ ಮಿಲಿಮೀಟರ್.

ನಾನು ಇದನ್ನೆಲ್ಲ ಓದಿ ಕಲಿತವನಲ್ಲ, ದುಡ್ಡು ಕಳೆದು ಕಲಿತವನು. ನನ್ನ ಮೊದಲನೆಯದು ಒಂದು ಜಾತ್ರೆಯಲ್ಲಿ ಕೊಂಡದ್ದು. ಮುಂದಿನ ಗಾಜು ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯುತ್ತಿತ್ತು, ಮಾರುವವನು "ಮಿಲಿಟ್ರಿ ಮಾಲು" ಅಂದಿದ್ದ. ಅದನ್ನೇ ಹಿಡಿದು ರಂಗನತಿಟ್ಟಿನಲ್ಲಿ ದೋಣಿ ಹತ್ತಿದೆ. ಬಣ್ಣದ ಕೊಕ್ಕರೆ ಎದುರಿಗೇ ಕೂತಿದೆ, ಅದರ ಬೆನ್ನ ತುದಿಯ ಗುಲಾಬಿ ಗರಿಗಳೇ ಕಾಣೆ! ಬೂದಿ ಬಳಿದಂತಿತ್ತು. ಬೈನಾಕ್ಯುಲರ್ ಇಳಿಸಿದರೆ ಬರಿಗಣ್ಣಿಗೆ ಗುಲಾಬಿ ಚೆನ್ನಾಗಿ ಕಾಣುತ್ತಿತ್ತು. ಕಾರಣ ಸರಳ. ಆ ಕೆಂಪು ಲೇಪ ಕೆಂಪು ಬೆಳಕನ್ನೇ ಹೊರಗೆ ತಳ್ಳುತ್ತದೆ, ಒಳಗೆ ಬರುವುದು ಹಸಿರು ನೀಲಿ ಹೆಚ್ಚಿದ ಚಿತ್ರ. ಒಳ್ಳೆಯ ಲೇಪದ ಕೆಲಸ ಇದಕ್ಕೆ ತದ್ವಿರುದ್ಧ. ಲೇಪವಿಲ್ಲದ ಗಾಜಿನ ಪ್ರತಿ ಮೈಯಲ್ಲೂ ನೂರರಲ್ಲಿ ಸುಮಾರು ನಾಲ್ಕು ಪಾಲು ಬೆಳಕು ಹಿಂದಕ್ಕೆ ಹೋಗುತ್ತದೆ. ಅಂಥ ಹತ್ತು ಮೈ ದಾಟುವಷ್ಟರಲ್ಲಿ ಮೂರರಲ್ಲೊಂದು ಪಾಲು ಹೋದಂತೆಯೇ. 1935ರಲ್ಲಿ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲಾ ಈ ಸೋರಿಕೆ ತಡೆಯುವ ತೆಳು ಲೇಪ ಕಂಡುಹಿಡಿದರು. ಈಗ ಡಬ್ಬಿ ಮೇಲೆ 'ಫುಲ್ಲಿ ಮಲ್ಟಿಕೋಟೆಡ್' ಅಂತ ಇದ್ದರೆ, ಎಲ್ಲ ಗಾಜಿಗೂ ಹಲವು ಪದರ ಲೇಪ ಇದೆ ಅಂತ ಅರ್ಥ. 'ಕೋಟೆಡ್' ಅಂತಷ್ಟೇ ಇದ್ದರೆ ಯಾವುದೋ ಒಂದೆರಡು ಗಾಜಿಗೆ ಬಳಿದಿರುತ್ತಾರೆ.

ಕನ್ನಡಕ ಹಾಕುವವರು ಇಲ್ಲಿ ಸ್ವಲ್ಪ ನಿಲ್ಲಿ. ಹಿಂದಿನ ಗಾಜಿನಿಂದ ಕಣ್ಣು ಹೆಚ್ಚೆಂದರೆ ಎಷ್ಟು ದೂರ ಇದ್ದರೆ ಪೂರ್ತಿ ಚಿತ್ರ ಸಿಗುತ್ತದೆ ಅನ್ನುವುದಕ್ಕೆ ಐ ರಿಲೀಫ್ ಅನ್ನುತ್ತಾರೆ. ಕನ್ನಡಕದವರಿಗೆ ಕನಿಷ್ಠ 15 ಮಿಲಿಮೀಟರ್ ಬೇಕು, ನನಗೆ 17 ಇದ್ದರೆ ಹಾಯೆನಿಸುತ್ತದೆ. ಕಡಿಮೆ ಇದ್ದರೆ ಕೊಳವೆಯಲ್ಲಿ ಇಣುಕಿದ ಹಾಗಾಗುತ್ತದೆ. ಕಡಿಮೆ ದುಡ್ಡಿಗೆ ಒಳ್ಳೆಯ ನೋಟ ಕೊಡುವ ನಿಕಾನ್ ಅಕ್ಯುಲಾನ್ 8×42ನ್ನು ಹುಡುಗರಿಗೆ ಧೈರ್ಯವಾಗಿ ಹೇಳುತ್ತೇನೆ. ಕನ್ನಡಕದವರಿಗೆ ಹೇಳುವುದಿಲ್ಲ, ಅದರದು 12 ಮಿಲಿಮೀಟರ್ ಮಾತ್ರ. ಅವರು ಅದೇ ಕಂಪನಿಯ ಮೊನಾರ್ಕ್ ಎಂ5 ಥರದ್ದಕ್ಕೆ ಹೋಗಬೇಕು, ಜೇಬೂ ಅಷ್ಟೇ ಹಗುರಾಗುತ್ತದೆ.

ಈ ಎರಡರ ಆಕಾರವೂ ಬೇರೆ. ಭುಜ ಅಗಲಿಸಿದಂತೆ ಕಾಣುವುದು ಪೊರ್ರೊ, 1854ರಲ್ಲಿ ಇಟಲಿಯ ಇಗ್ನಾಜಿಯೊ ಪೊರ್ರೊ ಪೇಟೆಂಟ್ ಪಡೆದ ಪಟ್ಟಕ (ಪ್ರಿಸಮ್) ಜೋಡಣೆಯದು. ನೇರ ಕೊಳವೆಯಂತೆ ಇರುವುದು ರೂಫ್. ರೂಫ್ ಮಾಡುವುದು ಕಷ್ಟದ ಕೆಲಸ, ಅಗ್ಗದಲ್ಲಿ ಚೆನ್ನಾಗಿ ಮಾಡಲಾಗುವುದಿಲ್ಲ. ಹತ್ತು ಸಾವಿರದ ಒಳಗಾದರೆ ಪೊರ್ರೊ ನೋಡಿ. ಚಿಟ್ಟೆ ಹುಚ್ಚಿನವರಿಗೆ ಮಾತ್ರ ಪೊರ್ರೊ ಸರಿಹೋಗದು, ಅಕ್ಯುಲಾನ್ ಐದು ಮೀಟರ್‌ಗಿಂತ ಹತ್ತಿರದ್ದನ್ನು ಸ್ಪಷ್ಟ ತೋರಿಸುವುದಿಲ್ಲ. ಪೊರ್ರೊಗಳಲ್ಲೇ ಪೆಂಟ್ಯಾಕ್ಸ್ ಪ್ಯಾಪಿಲಿಯೊ ಅಂತ ಒಂದು ಪುಟ್ಟ ವಿಚಿತ್ರ ಇದೆ, ಅರ್ಧ ಮೀಟರ್ ದೂರದ ಚಿಟ್ಟೆಯ ಮೀಸೆಯನ್ನೂ ತೋರಿಸುತ್ತದೆ.

ಅಂಗಡಿಗೆ ಹೋದರೆ ಆಚೆ ಬಂದು ನೋಡಲು ಬಿಡಿ ಅನ್ನಿ, ಸಾಧ್ಯವಾದರೆ ಸಂಜೆ ಹೊತ್ತು. ಆಕಾಶಕ್ಕೆ ಎದುರಾಗಿರುವ ಕರೆಂಟ್ ತಂತಿ ನೋಡಿ, ಅಂಚಿಗೆ ನೇರಳೆ ಗೆರೆ ದಪ್ಪಗೆ ಎದ್ದರೆ ಇಳಿಸಿಬಿಡಿ. ಆ ಬೆಳಕಿನ ಬಿಲ್ಲೆ ದುಂಡಗಿರಬೇಕು, ಅಂಚು ಕತ್ತರಿಸಿದಂತೆ ಚೌಕವಾಗಿ ಮಸುಕಾಗಿದ್ದರೆ ಒಳಗಿನ ಪಟ್ಟಕ ಅಗ್ಗದ್ದು. ಐದು ನಿಮಿಷ ನೋಡಿ ಕೆಳಗಿಳಿಸಿದಾಗ ಕಣ್ಣು ಎಳೆದಂತಾದರೆ ಎರಡು ಕೊಳವೆಗಳೂ ಒಂದೇ ಕಡೆ ನೋಡುತ್ತಿಲ್ಲ. ಅದನ್ನು ಮನೆಯಲ್ಲಿ ಸರಿಮಾಡಲು ಹೋಗಬೇಡಿ.

ಆದರೆ ಕೆಲವೊಮ್ಮೆ ತಪ್ಪು ಗಾಜಿನದ್ದಲ್ಲ. ಹೋದ ವರ್ಷ ನಿವೃತ್ತ ಮೇಷ್ಟ್ರೊಬ್ಬರು ಕೆರೆ ಹತ್ತಿರ ಬಂದು, "ನಮ್ಮ ಮಗ ಅಮೆರಿಕಾದಿಂದ ಕಳಿಸಿದಾನೆ, ಏನೂ ಸರಿಯಾಗಿ ಕಾಣಲ್ಲ, ಎರಡೆರಡು ಕಾಣುತ್ತೆ. ನೀವೇ ಇಟ್ಕೊಳ್ಳಿ" ಅಂದರು. ನೋಡಿದರೆ ನನ್ನದಕ್ಕಿಂತ ಎಷ್ಟೋ ದುಬಾರಿ ಮಾಲು. ಕನ್ನಡಕ ಹಾಕಿಕೊಂಡೇ ರಬ್ಬರ್ ಬಟ್ಟಲನ್ನು ಮೇಲೆತ್ತಿ ನೋಡುತ್ತಿದ್ದರು, ಅದನ್ನು ತಿರುಗಿಸಿ ಕೆಳಗಿಳಿಸಿದೆ. ಎರಡು ವೃತ್ತ ಸೇರಿ ಒಂದಾಗುವವರೆಗೆ ನಡುವಿನ ಕೀಲು ಮಡಚಿದೆ. ಆಮೇಲೆ, "ಮೇಷ್ಟ್ರೇ, ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಆ ಬಿದಿರು ಮೆಳೆ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟಬೇಡಿ, ಬಲಗಡೆ ಕಣ್ಣಿನ ಹತ್ತಿರ ಇರುವ ಬಳೆ ಮಾತ್ರ ತಿರುಗಿಸಿ" ಅಂದೆ. ಆ ಬಳೆಗೆ ಡಯಾಪ್ಟರ್ ಅನ್ನುತ್ತಾರೆ; ಎರಡು ಕಣ್ಣಿನ ವ್ಯತ್ಯಾಸ ಸರಿದೂಗಿಸಲು ಇರುವುದು, ಒಮ್ಮೆ ಮಾಡಿಟ್ಟರೆ ಮತ್ತೆ ಮುಟ್ಟಬೇಕಿಲ್ಲ. ಮೇಷ್ಟ್ರು ಎರಡೂ ಕಣ್ಣು ಬಿಟ್ಟು ನಡುಗಡ್ಡೆ ಕಡೆ ತಿರುಗಿದರು. ಸ್ವಲ್ಪ ಹೊತ್ತು ಮಾತಿಲ್ಲ. "ಅಲ್ಲ ಸ್ವಾಮಿ, ಹೆಜ್ಜಾರ್ಲೆ ಕೊಕ್ಕಿನ ಅಂಚಲ್ಲಿ ಸಾಲಾಗಿ ಚುಕ್ಕಿ ಇಟ್ಟಂಗಿದೆಯಲ್ಲ?" ಅಂದರು. ಇಟ್ಟುಕೊಳ್ಳಿ ಅಂದದ್ದನ್ನು ಆಮೇಲೆ ಅವರೂ ನೆನಪಿಸಲಿಲ್ಲ, ನಾನೂ ನೆನಪಿಸಲಿಲ್ಲ.

ಕೊಂಡ ಮೇಲೆ ಕಾಪಾಡುವ ವಿಷಯ. ಮಲೆನಾಡಿನವರಿಗೆ, ಕರಾವಳಿಯವರಿಗೆ ಹಕ್ಕಿಗಿಂತ ಮೊದಲು ಬೂಷ್ಟು ಕಾಣುತ್ತದೆ. ನನ್ನ ಎರಡನೆಯದು ನೀರು ತಡೆಯುವಂಥದ್ದಲ್ಲ, ಜುಲೈನಲ್ಲಿ ಆಗುಂಬೆಗೆ ಒಯ್ದಿದ್ದೆ. ವಾಪಸು ಬಂದು ಒದ್ದೆ ಚೀಲದ ಸಮೇತ ಬೀರುವಿನಲ್ಲಿಟ್ಟೆ. ದೀಪಾವಳಿ ಹೊತ್ತಿಗೆ ತೆಗೆದರೆ ಗಾಜಿನ ಒಳಗಡೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಮಳೆ ನಾಡಿನವರು ಒಳಗೆ ನೈಟ್ರೋಜನ್ ತುಂಬಿ ಮುಚ್ಚಿದ, ನೀರು ಹೋಗದ ಬೈನಾಕ್ಯುಲರ್‌ಗೇ ದುಡ್ಡು ಹಾಕಬೇಕು. ಅಂಥದ್ದಕ್ಕೂ ಹೊರಗಿನ ಗಾಜಿಗೆ ತೇವ ಒಳ್ಳೆಯದಲ್ಲ, ಕತ್ತಲೆ ಚೀಲದೊಳಗೆ ತಿಂಗಳುಗಟ್ಟಲೆ ಇಡಬೇಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿ ಸಾಕು. ಉಳಿದ ದಿನ ನನ್ನದು ಅಡುಗೆಮನೆ ಕಿಟಕಿ ಪಕ್ಕದ ಮೊಳೆಯಲ್ಲಿ ತೂಗುತ್ತಿರುತ್ತದೆ. ನುಗ್ಗೆ ಹೂವಿಗೆ ಸೂರಕ್ಕಿ ಬಂದರೆ ನಮ್ಮನೆಯವಳು ಒಗ್ಗರಣೆ ಸೌಟು ಎಡಗೈಗೆ ಬದಲಾಯಿಸಿಕೊಂಡು ಬಲಗೈಯಲ್ಲಿ ಅದನ್ನು ಎತ್ತುತ್ತಾಳೆ. ಪಟ್ಟಿಗೆ ಅರಿಶಿನ ಹತ್ತಿದೆ.